ತಳದಲ್ಲಿಟ್ಟ ನಾಣ್ಯ

ಮಾವ ಮುಷ್ಟಿ ಮುಚ್ಚಿಕೊಂಡರು.

ಚಹಾದ ಲೋಟ ಹಿಡಿದು ಸೊಸೆ ಬಾಗಿಲಲ್ಲಿ ನಿಂತದ್ದು ಕಂಡದ್ದೇ ತಡ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ ಏನನ್ನೋ ಅಂಗೈಯಲ್ಲಿ ಅಡಗಿಸಿ, ಆ ಕೈಯನ್ನು ಹಾಗೆಯೇ ಅಂಗಿಯ ಜೇಬಿಗಿಳಿಸಿ, ಮುಖವನ್ನು ಬೀದಿಯ ಕಡೆ ತಿರುಗಿಸಿದರು. ಪುಸ್ತಕದ ಹಾಳೆ ಮಗುಚುವಾಗಲೂ ನಡುಗುವ ಕೈ ಅದು. ಈ ಚುರುಕು ಎಲ್ಲಿಂದ ಬಂತೋ ಎಂದು ಅವಳಿಗೆ ಸೋಜಿಗವಾಯಿತು. ಮೇಜಿನ ಮೇಲೆ ಹಳೆಯ ಬಿಸ್ಕತ್ತಿನ ಡಬ್ಬಿಯೊಂದು ಮುಚ್ಚಳ ತೆರೆದುಕೊಂಡು ಕೂತಿತ್ತು.

"ಏನ್ ನೋಡ್ತಿದ್ರಿ ಮಾವ?"

"ಏನಿಲ್ಲಮ್ಮ. ಕಣ್ಣು ಹೇಗಿದೆ ಅಂತ ಪರೀಕ್ಷೆ ಮಾಡ್ಕೊತಿದ್ದೆ."

"ಹೇಗಿದೆ?"

"ನೀನು ಬಂದಿದ್ದು ಕಾಣಿಸ್ತಲ್ಲ. ಅಷ್ಟು ಸಾಕು."

ನಗು ಬರಬೇಕಾದ ಮಾತು. ಬರಲಿಲ್ಲ. ಅವಳು ಲೋಟ ಇಟ್ಟು ಹೊರಗೆ ಬಂದಳು. ಬೆನ್ನ ಹಿಂದೆ ಡಬ್ಬಿಯ ಮುಚ್ಚಳ ಒತ್ತಿದ ಸದ್ದು ಕೇಳಿಸಿತು.

ಮನೆಯಲ್ಲಿ ಹೀಗೆ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುವ ಆಟ ಶುರುವಾದದ್ದು ವಿಭಾಗದಿಂದ ಆ ಸುದ್ದಿ ಬಂದಂದಿನಿಂದ. ತಂದವಳು ಅವಳೇ. ಹೊಳೆಯಾಚೆಯ ದಿಬ್ಬದಲ್ಲಿ ಮೂವತ್ತು ವರ್ಷದ ಹಿಂದೆ ಮಾವ ಅಗೆಸಿ, ಮತ್ತೆ ಮಣ್ಣು ತುಂಬಿ ಮುಚ್ಚಿಸಿದ್ದ ಗುಂಡಿಯನ್ನು ಹೊಸ ಮುಖ್ಯಸ್ಥರು ತೆರೆಸುತ್ತಾರಂತೆ ಎಂದು ಊಟದ ಹೊತ್ತಿನಲ್ಲಿ ಹೇಳಿದ್ದಳು. ಮಾವ "ಒಳ್ಳೇದಾಯ್ತು" ಎಂದರು. ಹಾಗೆಂದವರು ತಟ್ಟೆಯಲ್ಲಿದ್ದದ್ದನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದರು. ಅಂದಿನಿಂದ ಅವರ ಊಟ ನೆಪಕ್ಕೆ ಮಾತ್ರ.

ಆ ವಿಭಾಗದ ಹೆಸರು 'ಪ್ರಾಚೀನ ಭಾರತದ ಇತಿಹಾಸ ಮತ್ತು ಸಂಸ್ಕೃತಿ ವಿಭಾಗ'. ಹೆಸರು ಎಷ್ಟು ಉದ್ದವೆಂದರೆ, ಬೋರ್ಡು ಬರೆದವನಿಗೆ ಜಾಗ ಸಾಲದೆ 'ವಿಭಾಗ' ಎಂಬುದು ಗೋಡೆಯ ಮೂಲೆ ದಾಟಿ ಆ ಕಡೆಗೆ ಹೋಗಿತ್ತು. ಮಾವ ಒಂದು ಕಾಲಕ್ಕೆ ಅಲ್ಲಿಯ ಮುಖ್ಯಸ್ಥರು. ಪಾಠ ಹೇಳುವುದಕ್ಕಿಂತ ಅಗೆಯುವುದರಲ್ಲೇ ಹೆಚ್ಚು ದಿನ ಕಳೆದದ್ದರಿಂದ ಹುಡುಗರು ಅವರನ್ನು 'ಗುದ್ದಲಿ ಮೇಷ್ಟ್ರು' ಎನ್ನುತ್ತಿದ್ದರು. ಅವಳು ಅವರ ಶಿಷ್ಯೆಯಾಗಿ ಮನೆಗೆ ಬರಹ ತಿದ್ದಿಸಿಕೊಳ್ಳಲು ಬರುತ್ತಿದ್ದವಳು, ಕೊನೆಗೆ ಮನೆಯವಳೇ ಆದಳು. ಈಗ ಅದೇ ವಿಭಾಗದಲ್ಲಿ ಅವಳದೂ ತಲೆ ನರೆಯುವಷ್ಟು ಕಾಲದ ಕೆಲಸ. ಮಡಕೆಯ ಚೂರು ಅವಳ ವಿದ್ಯೆ. ಒಂದು ಚೂರಿನ ಅಂಚು ತಡವಿ ಅದು ನೀರಿನ ಗಡಿಗೆಯದೋ ಅನ್ನದ ತಟ್ಟೆಯದೋ ಹೇಳಬಲ್ಲಳು.

ಮಾವನ ಹೆಸರು ನಿಂತಿದ್ದದ್ದು ಒಂದೇ ಮಾತಿನ ಮೇಲೆ: 'ಊರು ಮೊದಲು, ಅರಸ ಆಮೇಲೆ.' ಆ ದಿಬ್ಬದಲ್ಲಿ ಹಳೆಯ ಅರಸನೊಬ್ಬ ಕಟ್ಟಿಸಿದ ಇಟ್ಟಿಗೆಯ ಕೋಟೆಗೋಡೆಯಿದೆ. ಊರು ಹುಟ್ಟಿದ್ದೇ ಆ ಅರಸನಿಂದ ಎಂದು ಎಲ್ಲರೂ ನಂಬಿದ್ದರು. ಗೋಡೆಯ ಬುಡಕ್ಕಿಂತ ಇನ್ನೂ ಸೊಂಟದಾಳ ಕೆಳಗೆ, ಅರಸನ ಹೆಸರನ್ನೇ ಕೇಳದಿದ್ದ ಜನರ ಕಪ್ಪು-ಕೆಂಪು ಮಡಕೆ ಸಿಕ್ಕಿತೆಂದು ಮಾವ ಬರೆದರು. ಮಡಕೆ ಮಾಡುವವರು, ಮಣಿ ಕೊರೆಯುವವರು ಅಲ್ಲಿ ತಲೆತಲಾಂತರ ಬಾಳಿದ್ದರು. ಅರಸ ಬಂದು ಗೋಡೆ ಕಟ್ಟಿ ತನ್ನದೆಂದ, ಅಷ್ಟೇ. ಆ ಮಾತು ಶಾಲೆಯ ಪುಸ್ತಕಕ್ಕೂ ಬಂತು. ಆ ಮಡಕೆಗಳ ಮೇಲೆಯೇ ಅವಳ ಪ್ರೌಢ ಪ್ರಬಂಧ, ಕೆಲಸ, ಹೆಸರು ಎಲ್ಲ. ಮಾವನ ಮಾತು ಬಿದ್ದರೆ ಅದರ ಜೊತೆಗೆ ಬೀಳುವವಳು ಅವಳೂ ಹೌದು.

ಹೊಸ ಮುಖ್ಯಸ್ಥ ಅವಳಿಗಿಂತ ಕಿರಿಯ. ಗುಂಡು ಕಟ್ಟಿದ ದಾರ ಇಳಿಬಿಟ್ಟು ಎಲ್ಲವನ್ನೂ ಅಳೆದು ನೋಡುವ ಸ್ವಭಾವ. ಅದಕ್ಕೇ ಅವನಿಗೆ 'ತೂಗುಗುಂಡು' ಎಂಬ ಹೆಸರು. "ಅನುಮಾನ ಅಂತಲ್ಲ ಮೇಡಂ," ಎಂದಿದ್ದ. "ಕೆಳಗಿನ ಪದರದಲ್ಲಿ ಒಂದಿಷ್ಟು ಇದ್ದಿಲು ಸಿಕ್ಕಿದ್ರೆ ಲ್ಯಾಬಿಗೆ ಕಳಿಸಬಹುದು, ಕಾಲ ಸರಿಯಾಗಿ ಗೊತ್ತಾಗುತ್ತೆ. ಸರ್ ಕಾಲದಲ್ಲಿ ನಮ್ಮ ವಿಭಾಗಕ್ಕೆ ಆ ಸೌಕರ್ಯ ಇರ್ಲಿಲ್ಲ ನೋಡಿ." 'ಅನುಮಾನ ಅಂತಲ್ಲ' ಎಂಬ ಮಾತಿನಷ್ಟು ಅನುಮಾನ ಹುಟ್ಟಿಸುವ ಮಾತು ಇನ್ನೊಂದಿಲ್ಲ.

ಅಗೆಯುವವರಲ್ಲಿ ಒಂದು ಪದ್ಧತಿಯಿದೆ. ಕೆಲಸ ಮುಗಿದು ಗುಂಡಿ ಮುಚ್ಚುವ ಮುನ್ನ ತಳದಲ್ಲಿ ಆ ವರ್ಷದ ನಾಣ್ಯವೊಂದನ್ನು ಇಡುತ್ತಾರೆ. ಮುಂದೆಂದೋ ಯಾರಾದರೂ ಅಲ್ಲಿಯೇ ಮತ್ತೆ ಅಗೆದರೆ, 'ಮುಂಚಿನವರು ಇಂಥ ವರ್ಷ ಇಲ್ಲಿಯವರೆಗೆ ಬಂದಿದ್ದರು, ಇದರ ಕೆಳಗೆ ಯಾರೂ ಮುಟ್ಟಿಲ್ಲ' ಎಂದು ತಿಳಿಯಲಿ ಅಂತ. ಹೊಳೆದಂಡೆಯ ಜಿಗುಟು ಮಣ್ಣು ಮಳೆ ಕುಡಿದು ಕುಡಿದು ಗಟ್ಟಿಯಾದ ಮೇಲೆ, ತುಂಬಿದ್ದು ಯಾವುದು, ಮುಟ್ಟದೇ ಉಳಿದದ್ದು ಯಾವುದು ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ. ಆಗ ನಾಣ್ಯವೇ ಸಾಕ್ಷಿ. ಮಾವ ಇದಕ್ಕೆ ತಮ್ಮದೊಂದು ಒಗ್ಗರಣೆ ಹಾಕಿದ್ದರು. ಒಂದೇ ವರ್ಷದ ಎರಡು ನಾಣ್ಯ ತೆಗೆದುಕೊಂಡು ಒಂದನ್ನು ಗುಂಡಿಯಲ್ಲಿಟ್ಟು, ಅದರ ಜೋಡಿಯನ್ನು ಕಾಗದದಲ್ಲಿ ಸುತ್ತಿ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದರು. "ಕೆಳಗೊಬ್ಬ ಸಾಕ್ಷಿ, ಮೇಲೊಬ್ಬ ಸಾಕ್ಷಿ" ಎನ್ನುತ್ತಿದ್ದರು.

ಮಾವ ಸ್ನಾನಕ್ಕೆ ಹೋದಾಗ ಅವಳು ಆ ಡಬ್ಬಿ ತೆರೆದಳು. ಮೂವತ್ತು ವರ್ಷದಲ್ಲಿ ಒಮ್ಮೆಯೂ ಅವರ ವಸ್ತುವನ್ನು ಕೇಳದೆ ಮುಟ್ಟಿದವಳಲ್ಲ. ಒಂದೊಂದು ಪೊಟ್ಟಣದ ಮೇಲೂ ಒಂದೊಂದು ದಿಬ್ಬದ ಹೆಸರು. ಎಲ್ಲದರಲ್ಲೂ ನಾಣ್ಯವಿತ್ತು. ಹೊಳೆಯಾಚೆಯ ದಿಬ್ಬದ ಕಾಗದ ಮಾತ್ರ ಬರಿದಾಗಿತ್ತು. ಮಡಿಕೆಗಳ ನಡುವೆ ದುಂಡನೆಯ ಗುರುತು ಉಳಿದಿತ್ತು.

ಹಾಗಾದರೆ ಆ ಮುಷ್ಟಿಯಲ್ಲಿದ್ದದ್ದು ಅದೇ. ಆ ನಾಣ್ಯ ಜೇಬಿಗೇಕೆ ಹೋಯಿತು? ದಿಬ್ಬಕ್ಕೆ ಒಯ್ಯುವುದಕ್ಕೆ. ಏಕೆ ಒಯ್ಯಬೇಕು? ತಳದಲ್ಲಿ ಇರಬೇಕಾದ ನಾಣ್ಯ ಅಲ್ಲಿ ಇಲ್ಲದಿರುವುದರಿಂದ. ಎಂದರೆ, ಬರೆದಷ್ಟು ಆಳಕ್ಕೆ ಅವರು ಅಗೆದೇ ಇಲ್ಲ. ಅವಳು ಮುಚ್ಚಳ ಒತ್ತಿದಳು. ಅದು ಸದ್ದು ಮಾಡದಂತೆ ಒತ್ತುವುದು ಹೇಗೆಂದು ಅವಳಿಗೂ ಗೊತ್ತಾಗಲಿಲ್ಲ.

ಅನುಮಾನ ಒಂಟಿಯಾಗಿ ಬರುವುದಿಲ್ಲ, ನೆಂಟರಿಷ್ಟರನ್ನೆಲ್ಲ ಕರೆದುಕೊಂಡೇ ಬರುತ್ತದೆ. ಅಗೆತದ ಕೊನೆಯ ದಿನಗಳಲ್ಲಿ ತಾನು ಅಲ್ಲಿ ಇರಲೇ ಇಲ್ಲವೆಂಬುದು ಅವಳಿಗೆ ನೆನಪಾಯಿತು. ಅಲ್ಲಿಯವರೆಗೆ ಸಿಕ್ಕ ಚೂರುಗಳನ್ನು ತೊಳೆಯಲೆಂದು ಅವಳನ್ನು ಮಾವ ವಿಭಾಗಕ್ಕೆ ಕಳಿಸಿಬಿಟ್ಟಿದ್ದರು. ತಳವನ್ನು ಅವಳು ಕಣ್ಣಾರೆ ಕಂಡಿಲ್ಲ. ಕಂಡದ್ದು ನಕ್ಷೆ. ಇನ್ನೂ ಒಂದು. ಕೆಳಗಿನ ಪದರದ ಚೂರಿನ ಚೀಲಗಳು ಅವಳ ಕೈಗೆ ಬಂದದ್ದು ವರದಿ ಅಚ್ಚಾಗಿ ಬಂದ ಮೇಲೆ, ಮರುವರ್ಷ, ಅವಳ ಮದುವೆಗೆ ಸ್ವಲ್ಪ ಮುಂಚೆ. "ದಿಬ್ಬದ ಹತ್ತಿರದ ಶೆಡ್ಡಿನಲ್ಲೇ ಉಳಿದುಬಿಟ್ಟಿತ್ತಮ್ಮ" ಎಂದು ಮಾವ ಹೇಳಿದ್ದರು. ಅವಳು ತೊಟ್ಟಿಯಲ್ಲಿ ಅವನ್ನು ತೊಳೆದಿದ್ದಳು. ವರ್ಷವಿಡೀ ಶೆಡ್ಡಿನಲ್ಲಿದ್ದ ಮಣ್ಣು ಒಣಗಿ ಹೆಂಟೆಯಾಗಿರಬೇಕು, ಬೆರಳಿಟ್ಟರೆ ಪುಡಿಯಾಗಬೇಕು. ಅದು ಹಸಿಯಾಗಿತ್ತು. ಉಗುರಿನ ಸಂದಿಗೆ ಮೆತ್ತಿಕೊಂಡಿತ್ತು. ಶೆಡ್ಡು ಸೋರಿರಬೇಕು ಎಂದುಕೊಂಡು ಆಗ ಸುಮ್ಮನಾಗಿದ್ದಳು. ಮದುವೆಯಾಗಲಿರುವ ಹುಡುಗಿಗೆ ಮಣ್ಣಿನ ತೇವ ಯೋಚಿಸಲು ಪುರಸೊತ್ತೆಲ್ಲಿ?

ಈಗ ಪುರಸೊತ್ತಿತ್ತು. ಬೇರೆ ಯಾವುದೋ ದಿಬ್ಬದ ಚೂರನ್ನು ಆಯ್ದು ತಂದು, ಈ ದಿಬ್ಬದ ಚೀಟಿ ಕಟ್ಟಿ ನನ್ನ ಮುಂದೆ ಸುರಿದರೇ? ಮೂವತ್ತು ವರ್ಷ ನಾನು ಯಾರ ಮನೆಯ ಮಡಕೆ ಎಣಿಸಿದೆ?

ಅತ್ತೆಯನ್ನು ಮೆಲ್ಲಗೆ ಕೆದಕಿ ನೋಡಿದಳು. ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಅವರ ಹತ್ತಿರ ಹಳೆಯ ವಿಷಯ ತೆಗೆದರೆ ಸಾಕು, ಮಿಕ್ಕದ್ದು ತಾನಾಗಿ ಬರುತ್ತಿತ್ತು.

"ಅತ್ತೆ, ನಮ್ಮ ಮದುವೆಗೆ ಮುಂಚೆ ಮಾವ ಎಲ್ಲಾದ್ರೂ ಹೋಗಿದ್ರಾ?"

"ಹೋಗಿದ್ರಾ ಅಂತ ಕೇಳ್ತೀಯಲ್ಲ! ಮಗನ ಮದುವೆ ತಲೆ ಮೇಲಿದೆ, ಇವರು ಅಣ್ಣನ ಮನೆಗೆ ಹೋಗಿ ಬರ್ತೀನಿ ಅಂತ ಹೋದವರು ಪತ್ತೆನೇ ಇಲ್ಲ. ಆ ಅಣ್ಣ ನೋಡಿದ್ರೆ ಒಂದು ದಿನ ನಮ್ಮನೆಗೇ ಬಂದು 'ಎಲ್ಲಿ ತಮ್ಮ?' ಅಂತಾರೆ. ನನಗೆ ಹೇಗಾಗಿರ್ಬೇಡ ಹೇಳು."

"ಆಮೇಲೆ?"

"ಆಮೇಲೇನು, ಯಾವಳೋ ಇದ್ದಾಳೆ ಅಂದ್ಕೊಂಡೆ. ಎರಡು ದಿನ ಕಣ್ಣೀರು ಕೂಡ ಹಾಕಿದೆ. ಬಂದ್ರು ನೋಡು, ಸುಟ್ಟ ಬದನೆಕಾಯಿ ಹಾಗೆ. ಅಂಗೈ ತುಂಬ ಬೊಬ್ಬೆ ಒಡೆದು ಹುಣ್ಣು. ಬಟ್ಟೆ ಹಿಂಡಿದ್ರೆ ಬಕೆಟ್ ತುಂಬ ಕೆಸರು." ಅತ್ತೆ ಸೊಪ್ಪಿನ ದಂಟು ಮುರಿದರು. "ಯಾವಳೂ ಗಂಡಸಿನ ಕೈಲಿ ಅಷ್ಟು ಕೆಲಸ ಮಾಡಿಸಲ್ಲ ಅಂತ ಅನುಮಾನ ಬಿಟ್ಟೆ. ಮದುವೆ ಫೋಟೋದಲ್ಲಿ ನೋಡು, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಾರೆ. ಪಟ್ಟಿ ಕಟ್ಟಿತ್ತು."

ನಡುಮನೆಯ ಗೋಡೆಯ ಮೇಲೆ ಆ ಫೋಟೋ ಇದ್ದೇ ಇತ್ತು. ದಿನಾ ಕಾಣುವುದನ್ನು ಯಾರು ನೋಡುತ್ತಾರೆ? ಅವಳು ಹೋಗಿ ನೋಡಿದಳು. ಮದುಮಕ್ಕಳ ಪಕ್ಕದಲ್ಲಿ ಮಾವ ಸಿಪಾಯಿಯಂತೆ ಕೈಗಳನ್ನು ಬೆನ್ನಿಗೆ ಕಟ್ಟಿ ನಿಂತಿದ್ದರು. ಗತ್ತು ಎಂದು ಅವಳು ಇಷ್ಟು ವರ್ಷ ಅಂದುಕೊಂಡಿದ್ದಳು. ಎಲ್ಲಿ ಅಗೆದರು, ಯಾರ ದಿಬ್ಬ ಅಗೆದರು? ಚೀಲ ತುಂಬುವಷ್ಟು ಚೂರು ಎಲ್ಲಿ ಸಿಕ್ಕಿತು? ಅತ್ತೆ ಎಲ್ಲಿ ಅನುಮಾನ ಬಿಟ್ಟಿದ್ದರೋ ಅಲ್ಲಿಂದ ಸೊಸೆ ಹಿಡಿದುಕೊಂಡಳು.

ಅಂದು ಸಂಜೆ ಅವಳು ಒಂದು ನಿರ್ಧಾರಕ್ಕೆ ಬಂದಳು. ಅದು ಒಳ್ಳೆಯ ನಿರ್ಧಾರವಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗಂಡ ಹಲ್ಲಿನ ಡಾಕ್ಟರು. ಅವನ ಕಪಾಟಿನಲ್ಲಿ, ಚಲಾವಣೆ ನಿಂತ ಚಿಲ್ಲರೆ ತುಂಬಿದ ಡಬ್ಬವೊಂದಿತ್ತು. ಅದನ್ನು ಹಾಸಿಗೆಯ ಮೇಲೆ ಸುರಿದು, ಕನ್ನಡಕ ಹಾಕಿಕೊಂಡು, ಅಗೆತ ನಡೆದ ವರ್ಷದ ನಾಣ್ಯವೊಂದನ್ನು ಹುಡುಕಿ ತೆಗೆದು ಕರವಸ್ತ್ರದ ತುದಿಗೆ ಗಂಟು ಹಾಕಿಕೊಂಡಳು. ಗುಂಡಿಗೆ ಇಳಿಯುವವಳು ತಾನು. ತಳದಲ್ಲಿ ನಾಣ್ಯವಿಲ್ಲದಿದ್ದರೆ ಅಲ್ಲಿ ಇರುವಂತೆ ಮಾಡುವುದು ಅವಳಿಗೆ ಒಂದು ಕ್ಷಣದ ಕೆಲಸ. ನಡುಗುವ ಕೈಯ ಮುದುಕರು ಎಲ್ಲರೆದುರು ಸಿಕ್ಕಿಬೀಳುವುದಕ್ಕಿಂತ ಅದು ವಾಸಿ. ಮಾವನಿಗಾಗಿ ಮಾಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಅರ್ಧ ನಿಜ. ಉಳಿದರ್ಧ ತನ್ನ ಹೆಸರಿಗಾಗಿ.

ಗುಟ್ಟು ಬೆಳಗಿನವರೆಗೂ ಉಳಿಯಲಿಲ್ಲ. ಗಂಡ ತಿಂಡಿಯ ಹೊತ್ತಿಗೆ ಎಲ್ಲರೆದುರು ಗೊಣಗಿದ.

"ನನ್ನ ಹಳೇ ಚಿಲ್ಲರೆ ಡಬ್ಬ ಯಾರು ಜಾಲಾಡಿದ್ದು? ಹಾಸಿಗೆ ತುಂಬ ಕಾಸು. ರಾತ್ರಿಯೆಲ್ಲ ಬೆನ್ನಿಗೆ ಒತ್ತಿ ಸಾಕಾಯ್ತು."

"ನಾನೇ ರೀ. ಮಕ್ಕಳಿಗೆ ಪಾಠಕ್ಕೆ ಬೇಕಿತ್ತು," ಎಂದಳು.

"ಎರಡು ಸಾವಿರ ವರ್ಷದ ಹಿಂದಿನ ಪಾಠ ಮಾಡೋರಿಗೆ ಮೊನ್ನೆ ಮೊನ್ನೆ ಕಾಸು ಯಾಕೆ?"

ಅವಳು ತಲೆ ತಗ್ಗಿಸಿ ಚಹಾ ಕುಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗಬಾರದೆಂದು, ಕರವಸ್ತ್ರವಿದ್ದ ಚೀಲದ ಕಡೆ ಕಣ್ಣು ಹಾಯಿಸಲಿಲ್ಲ. ಮಾವ ಬ್ರೆಡ್ಡಿನ ಅಂಚನ್ನು ಚಹಾದಲ್ಲಿ ಅದ್ದಿ ಅದ್ದಿ ತಿನ್ನುತ್ತಿದ್ದರು. ಏನೂ ಕೇಳಿಸದವರ ಹಾಗೆ.

"ಗುಂಡಿ ತೆರೆಯೋ ದಿನ ನಾನೂ ಬರ್ತೀನಮ್ಮ," ಎಂದರು ಕೊನೆಗೆ.

"ಬಿಸಿಲು ಮಾವ. ಅಲ್ಲಿ ನಿಲ್ಲೋಕೂ ನೆರಳಿಲ್ಲ."

"ನೆರಳು ನೋಡ್ಕೊಂಡು ನಾನು ಯಾವತ್ತು ಅಗೆದಿದ್ದೆ?"

ಅಗೆತ ಶುರುವಾಯಿತು. ಮಾವನಿಗೆ ಗುಂಡಿಯ ಅಂಚಿನಿಂದ ಎರಡು ಹೆಜ್ಜೆ ದೂರದಲ್ಲಿ ಕುರ್ಚಿ ಹಾಕಿ, ದೊಡ್ಡ ಕೊಡೆಯೊಂದನ್ನು ನೆಲಕ್ಕೆ ನೆಟ್ಟರು. ತೂಗುಗುಂಡು ಅಡ್ಡಹಲಗೆಯ ಮೇಲೆ ಮಂಡಿಯೂರಿ ದಾರ ಇಳಿಬಿಟ್ಟು ಅಳೆಯುತ್ತಿದ್ದ. ಆಳುಗಳು ಮಣ್ಣು ತುಂಬಿದ ಬುಟ್ಟಿಗಳನ್ನು ಮೇಲೆ ಎಳೆಯುತ್ತಿದ್ದರು. ಅವಳು ಕರಣೆ ಹಿಡಿದು ಗುಂಡಿಯೊಳಗಿದ್ದಳು. ಕೈ ಮಣ್ಣು ಕೆರೆಯುತ್ತಿತ್ತು, ಕಣ್ಣು ಮೇಲೆ ಮಾವನ ಬಲಗೈಯ ಮೇಲಿತ್ತು. ಆ ಕೈ ಜೇಬಿನೊಳಗೇ ಇತ್ತು. ಚಹಾ ಕೊಟ್ಟರೆ ಎಡಗೈಯಲ್ಲಿ ತೆಗೆದುಕೊಂಡರು. ಒಮ್ಮೆ ಎದ್ದು ಅಂಚಿಗೆ ಬಂದು ಬಗ್ಗಿದಾಗ ಅವಳು ಕರಣೆ ಬಿಟ್ಟು ಎದ್ದಳು.

"ಮಾವ, ಅಲ್ಲೇ ಇರಿ! ಅಂಚು ಕುಸಿಯುತ್ತೆ!"

"ನನ್ನ ಗುಂಡಿ ನನ್ನನ್ನ ನುಂಗಲ್ಲ ಬಿಡು," ಎಂದು ಅವರು ಹಿಂದೆ ಸರಿದರು.

ಗೋಡೆಯ ಕೊನೆಯ ಇಟ್ಟಿಗೆಯ ಸಾಲು ಕಾಣಿಸಿತು. ಮಾವನ ನಕ್ಷೆಯ ಪ್ರಕಾರ ತುಂಬಿದ ಮಣ್ಣು ಇಲ್ಲಿಂದ ಇನ್ನೂ ಸೊಂಟದಾಳ ಇರಬೇಕು. ಅವಳ ಪಕ್ಕದ ಆಳು ಕೈಯಾಡಿಸುತ್ತಿದ್ದವನು ಫಕ್ಕನೆ ನಿಲ್ಲಿಸಿದ. "ಇಲ್ಲೇನೋ ಐತೆ ನೋಡಿ."

ಇಟ್ಟಿಗೆಯ ಬುಡದಲ್ಲಿ, ಪುಟ್ಟ ಚಪ್ಪಟೆ ಕಲ್ಲಿನ ಮೇಲೆ, ಯಾರೋ ಅಚ್ಚುಕಟ್ಟಾಗಿ ಇಟ್ಟ ಹಾಗೆ ಒಂದು ನಾಣ್ಯ. ತೂಗುಗುಂಡು ಏಣಿಯಿಂದ ಇಳಿದು ಬಂದು, ಬ್ರಷ್ಷಿನಿಂದ ಉಜ್ಜಿ, ಬೆಳಕಿಗೆ ಹಿಡಿದ. ಅಗೆತ ನಡೆದ ವರ್ಷ. ಗೋಡೆಯ ಬುಡ ನೋಡಿದ, ದಾರ ನೋಡಿದ, ಕೊನೆಗೆ ಅವಳನ್ನು ನೋಡಿದ.

"ಮೇಡಂ... ಇಲ್ಲಿಗೇ ನಿಲ್ಲಿಸಿದ್ದಾರೆ."

ನಾಣ್ಯ ಇರುವುದಿಲ್ಲ ಎಂದು ಹೆದರಿ ಬಂದವಳಿಗೆ, ನಾಣ್ಯ ಇದ್ದದ್ದೇ ಕುತ್ತಾಯಿತು. ಕಾಗದಕ್ಕೆ ಸುಳ್ಳು ಹೇಳಿದ ಮನುಷ್ಯ ಮಣ್ಣಿಗೆ ಸುಳ್ಳು ಹೇಳಿರಲಿಲ್ಲ. ನಿಂತಲ್ಲಿಯೇ ಸಾಕ್ಷಿ ಇಟ್ಟು ಹೋಗಿದ್ದರು. ಕರವಸ್ತ್ರದ ಗಂಟಿನಲ್ಲಿದ್ದ ಅದೇ ವರ್ಷದ ಇನ್ನೊಂದು ನಾಣ್ಯ ಈಗ ಯಾವ ಕೆಲಸಕ್ಕೂ ಬಾರದ್ದು. ಊರು ಮೊದಲು ಎಂಬ ಮಾತು ಮುಗಿಯಿತು. ತನ್ನ ಮಡಕೆಗಳೂ ಮುಗಿದವು. ಅವಳಿಗೆ ಮಾವನ ಮೇಲೆ ಬಂದ ಸಿಟ್ಟು ಎಷ್ಟೆಂದರೆ, ತಲೆಯೆತ್ತಿ ಅವರ ಮುಖ ನೋಡಲೂ ಆಗಲಿಲ್ಲ.

"ಮೂಲೆ ನೋಡಿ," ಎಂದು ಮೇಲಿನಿಂದ ದನಿ ಬಂತು.

ಯಾರೂ ಕದಲಲಿಲ್ಲ.

"ಹೊಳೆ ಕಡೆ ಮೂಲೆ. ನೀರು ಚಿಮುಕಿಸಿ ನೋಡಮ್ಮ. ನಿನಗೆ ಹೇಳಿಕೊಟ್ಟಿದ್ದೇನಲ್ಲ."

ಸಮಯ ದೂಡುತ್ತಿದ್ದಾರೆ ಎಂದುಕೊಂಡಳು. ತೂಗುಗುಂಡು ಆಗಲೇ ನೀರಿನ ಕ್ಯಾನು ಅವಳ ಕೈಗೆ ಕೊಟ್ಟಿದ್ದ. ಕೆರೆದು ನಯಮಾಡಿದ ನೆಲಕ್ಕೆ ಅವಳು ನೀರು ಚಿಮುಕಿಸಿ ಕಾದಳು. ಮುಟ್ಟದ ಮಣ್ಣು ನೀರನ್ನು ಬೇಗ ಕುಡಿಯುವುದಿಲ್ಲ. ಒಮ್ಮೆ ಅಗೆದು ತುಂಬಿದ್ದು ಕುಡಿದುಬಿಡುತ್ತದೆ. ಸ್ವಲ್ಪ ಹೊತ್ತಿಗೆ ಮೂಲೆಯಲ್ಲಿ ದುಂಡನೆಯ ಕಪ್ಪು ಗುರುತೊಂದು ಮೂಡಿತು. ಒಬ್ಬ ಮನುಷ್ಯ ಕುಕ್ಕರುಗಾಲಲ್ಲಿ ಕೂತು ಅಗೆಯಲು ಬೇಕಾಗುವಷ್ಟೇ ಅಗಲ.

ಅದರೊಳಗೆ ಅವಳೇ ಇಳಿದಳು. ಬೇರೆಯವರಿಗೆ ಅಲ್ಲಿ ಜಾಗವೂ ಇರಲಿಲ್ಲ. ಮಣ್ಣು ಮೆತ್ತಗೆ ಬರುತ್ತಿತ್ತು. ಮೊಣಕಾಲು ಮುಳುಗಿತು, ತೊಡೆ ಮುಳುಗಿತು. ಸುತ್ತಲಿನ ಮುಟ್ಟದ ಗೋಡೆಯಿಂದ ಮಡಕೆಯ ಚೂರುಗಳು ಅರ್ಧ ಹೊರಗೆ ಇಣುಕುತ್ತಿದ್ದವು. ಒಳಗೆ ಕಪ್ಪು, ಹೊರಗೆ ಕೆಂಪು. ಅವಳು ಒಂದರ ಅಂಚನ್ನು ಹೆಬ್ಬೆರಳಿನಿಂದ ತಡವಿದಳು. ಆ ಬಾಗು ಅವಳ ಬೆರಳಿಗೆ ಗೊತ್ತಿತ್ತು. ಮೂವತ್ತು ವರ್ಷದ ಹಿಂದೆ ಉಗುರಿನ ಸಂದಿಗೆ ಮೆತ್ತಿದ್ದ ಆ ಹಸಿ ಮಣ್ಣು ಇಲ್ಲಿಯದು. ಯಾರ ಮನೆಯದೋ ಅಲ್ಲ. ಅವಳಿಗೆ ಅಳು ಬಂತು, ಮೇಲಿನವರಿಗೆ ಕಾಣದಂತೆ ತೋಳಿನಿಂದ ಒರೆಸಿಕೊಂಡಳು.

ತಳದಲ್ಲಿ ಚಪ್ಪಟೆ ಕಲ್ಲು. ಅದರ ಮೇಲೆ ಎರಡನೆಯ ನಾಣ್ಯ.

"ಯಾವ ವರ್ಷ ಮೇಡಂ?" ತೂಗುಗುಂಡು ಬಗ್ಗಿ ಕೇಳಿದ.

ಅವಳು ಉಜ್ಜಿದಳು. ಓದಲು ಕನ್ನಡಕ ಬೇಕಾಗಲಿಲ್ಲ. ಅವಳ ಮದುವೆಯ ವರ್ಷ.

"ಮರುವರ್ಷದ್ದು," ಎಂದಳು.

ತೂಗುಗುಂಡು ದಡ್ಡನಲ್ಲ. ವರದಿ ಅಚ್ಚಾದ ವರ್ಷ ಅವನಿಗೆ ಬಾಯಿಪಾಠ. ಏಣಿ ಹತ್ತಿ ಹೋಗಿ ಕುರ್ಚಿಯ ಮುಂದೆ ನಿಂತ. "ಸರ್, ಬರೆದಾಗ ನೀವು ಇಲ್ಲಿಗೆ ಇಳಿದಿರ್ಲಿಲ್ಲ."

"ಇಲ್ಲ. ಆ ವರ್ಷ ಹೊಳೆ ಬೇಗ ತುಂಬಿ ಬಂತು, ಅಗೆತ ನಿಲ್ಲಿಸಬೇಕಾಯ್ತು. ಗೋಡೆ ಬುಡದಲ್ಲಿ ಎರಡು ಕರಿ ಚೂರು ತಲೆ ಹಾಕಿದ್ವು. ಅಷ್ಟರ ಮೇಲೇ ಬರೆದುಬಿಟ್ಟೆ." ಮಾವ ಜೇಬಿನಿಂದ ಕೈ ತೆಗೆದು ಮುಷ್ಟಿ ಬಿಚ್ಚಿದರು. ಅಂಗೈಯ ಮೇಲೆ ಎರಡು ಜೋಡಿ ನಾಣ್ಯ, ಒಂದು ಅಗೆತದ ವರ್ಷದ್ದು, ಇನ್ನೊಂದು ಮರುವರ್ಷದ್ದು. "ಅಚ್ಚಾಗಿ ಬಂದ ಮೇಲೆ ಅನ್ನ ಸೇರಲಿಲ್ಲ ನೋಡಿ. ಹೋಗಿ ಅಗೆದೆ."

"ಇದನ್ನ ಬರೀಬೇಕಾಗುತ್ತೆ ಸರ್."

"ಬರೀರಿ. ತೋರಿಸೋಕೆ ಅಂತಲೇ ಬಂದೆ. ಬಾಯಲ್ಲಿ ಹೇಳಿದ್ರೆ ನಂಬ್ತಿರಲಿಲ್ಲ ನೀವು."

ಅವಳು ಅಷ್ಟರಲ್ಲಿ ಮೇಲೆ ಬಂದು ಪಕ್ಕದಲ್ಲಿ ನಿಂತಿದ್ದಳು. ಮಣ್ಣಾದ ಕೈಯಲ್ಲೇ ಅವರಿಗೆ ಫ್ಲಾಸ್ಕಿನ ಚಹಾ ಬಗ್ಗಿಸಿಕೊಟ್ಟಳು. ತೂಗುಗುಂಡು ಅತ್ತ ಹೋದ ಮೇಲೆ ಮೆಲ್ಲಗೆ ಕೇಳಿದಳು:

"ಮಾವ, ಅಗೆದಾಗ ಏನೂ ಸಿಗದೇ ಇದ್ದಿದ್ರೆ?"

ಅವರು ಚಹಾಕ್ಕೆ ಊದಿದರು. ಅದು ಆಗಲೇ ತಣ್ಣಗಾಗಿತ್ತು. ಆದರೂ ಊದಿದರು.

"ಸಿಕ್ತಲ್ಲಮ್ಮ," ಎಂದರು.

ಅವಳು ಕೇಳಿದ್ದು ಅದಲ್ಲ. ಅದು ಅವರಿಗೂ ಗೊತ್ತಿತ್ತು.

ಇದ್ದಿಲಿನ ಚೂರುಗಳನ್ನು ಆರಿಸಿ, ನಕ್ಷೆ ಬರೆದು, ಚಿತ್ರ ತೆಗೆದು ಮುಗಿಸುವುದಕ್ಕೆ ಇನ್ನೂ ಕೆಲವು ದಿನ ಹಿಡಿಯಿತು. ಮಾವ ದಿನವೂ ಬಂದರು. ಊಟದ ಡಬ್ಬಿಯನ್ನು ತಳ ಕಾಣುವವರೆಗೆ ತಿಂದರು. ಮುಚ್ಚುವ ದಿನ ತೂಗುಗುಂಡು ಅಂಚಿನಲ್ಲಿ ನಿಂತು ಕೂಗಿದ:

"ಈ ವರ್ಷದ ನಾಣ್ಯ ಯಾರ ಹತ್ರಾನಾದ್ರೂ ಇದ್ಯಾ?"

ಎಲ್ಲರೂ ಜೇಬು ತಡಕಿದರು. ಎಲ್ಲವನ್ನೂ ಫೋನಿನಲ್ಲೇ ಕೊಟ್ಟು ತೀರಿಸುವ ಕಾಲ. ಒಬ್ಬರ ಹತ್ತಿರವೂ ಒಂದು ಬಿಡಿಕಾಸು ಇರಲಿಲ್ಲ. ಪುರಾತತ್ವದವರ ಗುಂಪಿನಲ್ಲೇ ನಾಣ್ಯಕ್ಕೆ ಬರ ಬಂತಲ್ಲ ಎಂದು ಆಳುಗಳು ನಕ್ಕರು. ನಾಣ್ಯ ಎಂದ ಕೂಡಲೇ ಅವಳ ಕೈ ತಾನಾಗಿಯೇ ಚೀಲಕ್ಕೆ ಹೋಗಿ ಕರವಸ್ತ್ರದ ಗಂಟನ್ನು ಹೊರಗೆ ತೆಗೆದಿತ್ತು.

"ಅದು ಬೇಡಮ್ಮ," ಎಂದರು ಮಾವ. ಅವಳಿಗೆ ಮಾತ್ರ ಕೇಳಿಸುವಷ್ಟು ದನಿಯಲ್ಲಿ. "ಅದು ಹಳೇದು."

ಅವಳು ನಿಂತಲ್ಲೇ ನಿಂತಳು. ಕಿವಿಯವರೆಗೆ ಬಿಸಿ ಏರಿತು. ಮಾವ ಅವಳನ್ನು ನೋಡುತ್ತಿರಲಿಲ್ಲ. ವ್ಯಾನಿನ ಡ್ರೈವರು ಸೀಟಿನ ಸಂದಿಯಲ್ಲಿ ಕೈಹಾಕಿ ಒಂದು ನಾಣ್ಯ ಹುಡುಕಿ ತೆಗೆದು, ಪ್ಯಾಂಟಿಗೆ ಉಜ್ಜಿಕೊಂಡು ತರುತ್ತಿದ್ದ. ಅವರು ಅದನ್ನೇ ನೋಡುತ್ತಿದ್ದರು. ತೂಗುಗುಂಡು ಇಳಿದು ಹೋಗಿ ಅದನ್ನು ಚಪ್ಪಟೆ ಕಲ್ಲಿನ ಮೇಲಿಟ್ಟು ಬಂದ. ಮೊದಲ ಬುಟ್ಟಿ ಮಣ್ಣು ಬಿತ್ತು.

ಮಾವ ಏಳಲೆಂದು ಕೈ ಚಾಚಿದರು. ಅವಳು ಕೈ ಕೊಟ್ಟಳು. ಗಂಟನ್ನು ಎಲ್ಲಿಡಬೇಕೆಂದು ತೋಚದೆ ಅದು ಅವಳ ಮುಷ್ಟಿಯಲ್ಲೇ ಉಳಿದಿತ್ತು. ಹಳೆಯ ಗಾಯದ ಗೆರೆಗಳಿದ್ದ ಅವರ ಅಂಗೈ ಆ ಮುಷ್ಟಿಯ ಮೇಲೆ ಮುಚ್ಚಿಕೊಂಡಿತು. ಗುಂಡಿ ಅರ್ಧ ತುಂಬುವವರೆಗೆ ಅವರು ಹಾಗೆಯೇ ಹಿಡಿದುಕೊಂಡು ನಿಂತಿದ್ದರು.